ಹಿಂದಿನ ಸೀಟಿನ ಹಾಲು

ಸಿಂಧಘಟ್ಟದ ಮರಿಸ್ವಾಮಿಯ ಸೀಮೆಹಸು ಒಂದು ಹೊತ್ತು ಹಾಲು ಕೊಟ್ಟರೆ ಊರ ಕೆರೆ ತುಂಬಿ ಕೋಡಿ ಹರಿಯುತ್ತಿತ್ತು. ಆ ಹಾಲಿನಲ್ಲಿ ಈಜು ಕಲಿತ ಹುಡುಗರು ಮುಂದೆ ಶ್ರೀರಂಗಪಟ್ಟಣದ ಹತ್ತಿರ ತುಂಬಿದ ಕಾವೇರಿಯನ್ನು ಅಂಗಾತ ಮಲಗಿಕೊಂಡೇ ದಾಟಿದರು. ಹಸು ಕೆಮ್ಮಿದರೆ ಪಾಂಡವಪುರದಲ್ಲಿ ಕಿಟಕಿ ಬಾಗಿಲು ಬಡಿದುಕೊಳ್ಳುತ್ತಿದ್ದವು. ನಂಬದವರು ಮರಿಸ್ವಾಮಿಯನ್ನೇ ಕೇಳಬಹುದಿತ್ತು. ಡೇರಿ ಜಗಲಿಯ ಮೇಲೆ ಕೂತು ಬೆಳಿಗ್ಗೆ ಸಂಜೆ ಅವನು ಇದನ್ನೇ ಹೇಳುತ್ತಿದ್ದ, ಹೇಳಿದಷ್ಟು ಸಲವೂ ಕೆರೆ ಇನ್ನೊಂದಿಷ್ಟು ಅಗಲವಾಗುತ್ತಿತ್ತು.

ಇಂಥ ಹಸುವಿನ ಹಾಲು ಟಿವಿಎಸ್ಸಿನ ಮುಂದೆ ನೇತಾಡಿಕೊಂಡು ಡೇರಿಗೆ ಹೋಗುವುದು ಅವನಿಗೆ ಬಹಳ ದಿನದಿಂದ ಸರಿ ಕಂಡಿರಲಿಲ್ಲ. ಒಂದು ಶನಿವಾರ ಸಂಜೆ ಟಿವಿಎಸ್ಸು ಪಂಚರಾಯಿತು. ಸೊಸೆ ಶ್ವೇತ ನಾಗಮಂಗಲದ ತವರಿಗೆ ಹೋಗಿದ್ದಳು. ಮಗ ನಿಂಗರಾಜು ಮಾಕವಳ್ಳಿಯ ಸಕ್ಕರೆ ಕಾರ್ಖಾನೆಯಲ್ಲಿ ಪಾಳಿಯಲ್ಲಿದ್ದ. ಕಾರು ಕೊಟ್ಟಿಗೆಯ ಪಕ್ಕದಲ್ಲಿ ನಿಂತಿತ್ತು, ಅದರ ಕೀ ಗೋಡೆಯ ಮೊಳೆಯಲ್ಲಿ ನೇತಾಡುತ್ತಿತ್ತು.

"ಅವ್ಳು ಬಂದ್ರೆ ಏನಂದಾಳು? ಬ್ಯಾಡ ಕಣ್ ಬುಡು, ತಲೆ ಮ್ಯಾಲೆ ಒತ್ಕಂಡೋಗು," ಎಂದಳು ಹೆಂಡತಿ ಬೈರಮ್ಮ.

"ಕೆರೆ ಏರಿ ಮ್ಯಾಲೆ ಕಣ್ಮುಚ್ಕಂಡು ಟ್ರಾಕ್ಟ್ರು ಓಡ್ಸಿರೋನು ಕಣಮ್ಮಿ ನಾನು. ಡೇರಿ ಏನ್ ಮೈಸೂರಲ್ಲೈತಾ?"

ಹಾಲಿನ ಕ್ಯಾನನ್ನು ಅವನು ಹಿಂದಿನ ಸೀಟಿನ ನಡುವೆ ಮದುವೆ ಹೆಣ್ಣನ್ನು ಕೂರಿಸುವ ಹಾಗೆ ಕೂರಿಸಿ, ಬೆಲ್ಟನ್ನೂ ಹಾಕಿದ. ಮುಚ್ಚಳ ಒತ್ತುವುದೊಂದು ಮರೆತ. ನ್ಯಾಯಬೆಲೆ ಅಂಗಡಿಯ ತಿರುವಿನಲ್ಲಿ ಒಂದು ಕೋಳಿ ಅಡ್ಡ ಬಂತು, ಮರಿಸ್ವಾಮಿ ಬ್ರೇಕು ತುಳಿದ. ಬೆಲ್ಟು ಕ್ಯಾನನ್ನು ಹಿಡಿದುಕೊಂಡಿತು, ಹಾಲನ್ನು ಹಿಡಿಯುವವರು ಯಾರೂ ಇರಲಿಲ್ಲ. ಸೀಟಿನಿಂದ ಸೀಟಿನ ಸಂದಿಗೆ, ಸಂದಿಯಿಂದ ಕೆಳಗೆ ಹಾಸಿದ್ದ ಕಾರ್ಪೆಟ್ಟಿಗೆ ಅದು ಶಿವನಸಮುದ್ರದ ಹಾಗೆ ಧುಮುಕಿತು.

ಮನೆಗೆ ಬಂದ ಮೇಲೆ ಬೈರಮ್ಮ ಹಣೆ ಚಚ್ಚಿಕೊಂಡಳು. ಆದರೆ ಕೈಕಟ್ಟಿ ಕೂರುವ ಹೆಂಗಸಲ್ಲ ಅವಳು. ಹಾಲಿನ ಜಿಡ್ಡಿಗೆ, ವಾಸನೆಗೆ ಆ ಮನೆಯಲ್ಲಿ ಒಂದೇ ಮದ್ದು: ಕುದಿಯುವ ನೀರು. ನಲವತ್ತು ವರ್ಷದಿಂದ ಅವಳು ಕ್ಯಾನುಗಳನ್ನು ತೊಳೆದದ್ದೇ ಹಾಗೆ. ಒಲೆಯ ಮೇಲೆ ಕೊತಕೊತ ಅನ್ನುತ್ತಿದ್ದ ಹಂಡೆಯ ನೀರನ್ನು ಚೊಂಬು ಚೊಂಬಾಗಿ ತಂದು ಸೀಟಿಗೆ ಸುರಿದಳು, ಕಾರ್ಪೆಟ್ಟಿಗೆ ಸುರಿದಳು. ಕಾರಿನೊಳಗಿಂದ ಎದ್ದ ಹಬೆ ಕಂಡು ಆ ವರ್ಷದ ಮುಂಗಾರು ಬಂತೆಂದು ಕೆಆರ್ ಪೇಟೆಯವರು ಛತ್ರಿ ತೆಗೆದರು. ಆಮೇಲೆ ಗಂಡ ಹೆಂಡತಿ ಗೋಣಿತಾಟಿನಲ್ಲಿ ಒರೆಸಿ, ಕಾರಿನ ಗಾಜುಗಳನ್ನೆಲ್ಲ ಏರಿಸಿ ಮುಚ್ಚಿಟ್ಟರು. ಮಾರನೆಯ ದಿನ ಭಾನುವಾರದ ಬಿಸಿಲು ಬೇಯಿಸುವ ಕೆಲಸ ನೋಡಿಕೊಂಡಿತು.

ಸೋಮವಾರ ಬೆಳಿಗ್ಗೆ ಶ್ವೇತ ಕಾರು ತೆಗೆದಳು. ಪೇಟೆಯಲ್ಲಿದ್ದ ಮೂವರು ಮೇಡಂಗಳನ್ನು ಹತ್ತಿಸಿಕೊಂಡು ಪಾಂಡವಪುರದ ಕಡೆಯ ಶಾಲೆಗಳಿಗೆ ಬಿಟ್ಟು, ಸಂಜೆ ಕರೆದುಕೊಂಡು ಬರುವುದು ಅವಳ ಕೆಲಸ. ಬಸ್ಸು ಹೆಂಗಸರಿಗೆ ಪುಕ್ಕಟೆ, ಆದರೆ ಶಾಲೆಯ ಹೊತ್ತಿಗೆ ಅದರಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಮದುವೆಗೆ ಮುಂಚೆಯೇ ಡ್ರೈವಿಂಗ್ ಕಲಿತಿದ್ದ ಶ್ವೇತ, ಮೇಡಂಗಳನ್ನು ತಾನೇ ಹೋಗಿ ಕೇಳಿ, ಗಂಡನನ್ನು ಒಪ್ಪಿಸಿ ಹಳೇ ಕಾರು ಕೊಡಿಸಿಕೊಂಡಿದ್ದಳು. ಕಾರಿನ ಕಂತು ಆ ಟ್ರಿಪ್ಪಿನಿಂದಲೇ ಹೋಗುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಬೆಳಗಾದರೆ ತಲೆ ಬಾಚಿಕೊಂಡು ಮನೆಯಿಂದ ಹೊರಗೆ ಹೋಗಲು ಅವಳಿಗೂ ಒಂದು ಕೆಲಸವಿತ್ತು.

ಯಶೋದಮ್ಮ ಮೇಡಂ ಎಲ್ಲರಿಗಿಂತ ಹಿರಿಯರು, ಮುಖ್ಯ ಶಿಕ್ಷಕಿ. ಬಾಗಿಲು ತೆರೆದವರೇ ಸೆರಗು ಮೂಗಿಗೆ ಒತ್ತಿಕೊಂಡರು.

"ಏನಮ್ಮ ಶ್ವೇತ, ಒಳಗೆ ಏನಾದ್ರೂ ಸತ್ತಿದ್ಯಾ?"

"ಇಲ್ಲ ಮೇಡಂ... ನೋಡ್ತೀನಿ ಮೇಡಂ."

ಆ ದಿನ ಕಾರು ಹೋದ ದಾರಿಯುದ್ದಕ್ಕೂ ಬೇಲಿಯ ಮೇಲಿನ ಕಾಗೆಗಳು ದಿಕ್ಕೆಟ್ಟು ಹಾರಿದವು. ಮೇಡಂಗಳನ್ನು ಇಳಿಸಿ ಮನೆಗೆ ಬಂದ ಶ್ವೇತ ನೇರ ಜಗಲಿಯಲ್ಲಿದ್ದ ಮಾವನ ಹತ್ತಿರ ಹೋದಳು.

"ಮಾವ, ಹಿಂದಿನ ಸೀಟಲ್ಲಿ ಏನ್ ಚೆಲ್ಲುದ್ರಿ?"

"ಒಂದ್ ತೊಟ್ಟು ಆಲು ತುಳುಕ್ತು ಕಣವ್ವ. ಚಿರ್ತೆ ಅಡ್ಡ ಬಂದ್ಬುಡ್ತು ನೋಡು..."

"ಒಂದ್ ತೊಟ್ಟಿಗೆ ಕಾರ್ಪೆಟ್ ಪಚಪಚ ಅಂತದಾ?"

"ಕುದಿಯೋ ನೀರಾಕಿ ತೊಳ್ದಿದ್ದೀನಿ ಕಣವ್ವ ನಾನು," ಎಂದು ಬೈರಮ್ಮ ಒಳಗಿಂದ ಕೂಗಿದಳು. "ಎರಡ್ ದಿನ ಇರ್ತದೆ, ಓಯ್ತದೆ."

ಹಾಲಿನ ಜಗಳ ಅಲ್ಲಿಗೆ ಮುಗಿಯಬಹುದಿತ್ತು. ಆದರೆ ಆ ಸಂಜೆ ಡೇರಿಯಲ್ಲಿ ಸೆಕ್ರೆಟರಿ ಜವರಯ್ಯ ಹಾಲು ಅಳೆಯುತ್ತಾ, "ಏನ್ ಮರಿಸ್ವಾಮಣ್ಣ, ಬೆಳಿಗ್ಗೆ ನಿಮ್ ಕಾರು ಈ ಕಡೆ ಓದಾಗ ಇಲ್ಲಿದ್ದೋರೆಲ್ಲ ಮೂಗ್ ಮುಚ್ಕಂಡ್ರಲ್ಲ?" ಎಂದು ಕೇಳಿಬಿಟ್ಟ. ಕ್ಯಾನು ಹಿಡಿದು ಸಾಲಾಗಿ ನಿಂತಿದ್ದವರೆಲ್ಲ ಮರಿಸ್ವಾಮಿಯ ಮುಖ ನೋಡಿದರು. ಕಣ್ಣು ಮುಚ್ಚಿ ಟ್ರಾಕ್ಟರು ಓಡಿಸಿದವನು ಕೋಳಿಗೆ ಹೆದರಿ ಹಾಲು ಚೆಲ್ಲಿದೆ ಎನ್ನುವುದು ಹೇಗೆ?

"ಪಾಪ, ಆ ಯಶೋದಮ್ಮ ಮೇಡಮ್ಮು ಕಾರಲ್ಲೇ ವಾಂತಿ ಮಾಡ್ಕಂಡ್ಬುಟ್ರು ಕಣ್ಲಾ," ಎಂದ ಮರಿಸ್ವಾಮಿ, ಕಣ್ಣೊರೆಸಿಕೊಳ್ಳುತ್ತಾ. "ದೊಡ್ಡೋರು. ನಾವೇನ್ ಅನ್ನಕ್ಕಾಯ್ತದೆ?"

ಮಾತು ಹಾಲಿನ ವ್ಯಾನಿನ ಜೊತೆ ಊರು ಬಿಟ್ಟಿತು. ಪೇಟೆ ಮುಟ್ಟುವಾಗ ವಾಂತಿಯ ಜೊತೆ ಭೇದಿಯೂ ಸೇರಿತ್ತು. ಪಾಂಡವಪುರದಲ್ಲಿ ಮೇಡಂ ಎಚ್ಚರ ತಪ್ಪಿದರು. ನಾಗಮಂಗಲದಲ್ಲಿ ಅವರಿಗೆ ಗ್ಲೂಕೋಸು ಹಾಕಿದರು. ಗುರುವಾರ ಯಶೋದಮ್ಮನವರ ಅಣ್ಣ ನಾಗಮಂಗಲದಿಂದ ಎಳನೀರಿನ ಗೊನೆ, ಬ್ರೆಡ್ಡು, ಅಳುತ್ತಿದ್ದ ಹೆಂಡತಿ, ಎಲ್ಲವನ್ನೂ ಹೊತ್ತುಕೊಂಡು ಬಂದು ನೋಡಿದರೆ, ತಂಗಿ ಹೊಸ್ತಿಲಲ್ಲಿ ಕೂತು ಅವರೆಕಾಳು ಹಿಸುಕುತ್ತಿದ್ದರು.

ಶ್ವೇತಳಿಗೆ ಫೋನು ಬಂದಾಗ ಮನೆಯವರೆಲ್ಲ ಊಟಕ್ಕೆ ಕೂತಿದ್ದರು. ಮೇಡಂ ದನಿ ಪಾಠ ಮಾಡುವ ದನಿ, ಫೋನಿನಿಂದಾಚೆಗೂ ಕೇಳುತ್ತಿತ್ತು.

"ನಿನ್ನ ಕಾರಿನ ಗಲೀಜು ಮುಚ್ಚೋದಕ್ಕೆ ನನ್ನ ಹೆಸರು ಬೇಕಾಗಿತ್ತಾ? ಕಾಯಿಲೆ ಅಂತ ಒಂದು ದಿನ ರಜ ಹಾಕಿದವಳಲ್ಲ ನಾನು. ನಾಳೆಯಿಂದ ಬರಬೇಡ. ನಮಗೆ ಬಸ್ಸಿದೆ."

ಶ್ವೇತ ಫೋನನ್ನು ಮಡಿಲಲ್ಲಿಟ್ಟುಕೊಂಡು ಕೂತಳು. "ಯಾರೋ ಹಬ್ಬಿಸವ್ರೆ ಅತ್ತೆ. ನಾನೇ ಹೇಳ್ದೆ ಅಂತ ತಿಳ್ಕಂಡವ್ರೆ."

"ಯಾವ್ ಮುಂಡೇದು ಅಂಗಂದಿದ್ದು? ಬಾಯಿಗ್ ಹುಳ ಬೀಳ," ಎಂದಳು ಬೈರಮ್ಮ.

ಮರಿಸ್ವಾಮಿ ನುಂಗುತ್ತಿದ್ದ ಮುದ್ದೆಯ ತುತ್ತು ಗಂಟಲಿನಲ್ಲಿ ನಿಂತಿತು. ಅದು ಅಮಾವಾಸ್ಯೆಯವರೆಗೂ ಅಲ್ಲೇ ನಿಂತಿತ್ತು.

"ಟ್ರಿಪ್ಪಿಲ್ದ್ ಮ್ಯಾಲೆ ಕಾರ್ ಯಾಕೆ?" ಎಂದ ನಿಂಗರಾಜು, ತಟ್ಟೆಯಿಂದ ತಲೆ ಎತ್ತದೆ. "ಶ್ರೀರಂಗಪಟ್ಟಣದಲ್ಲಿ ಒಬ್ಬ ಬ್ರೋಕರ್ ಅವ್ನೆ. ತಿಂಗ್ಳು ಮುಗಿಯೋದ್ರೊಳಗೆ ಮಾರ್ಬುಡಣ."

"ವಾಸ್ನೆ ಹೋದ್ರೆ ಅವ್ರ ಮನೆ ಬಾಗ್ಲಿಗೆ ಕಾರ್ ತಗಂಡೋಗಿ ತೋರುಸ್ತೀನಿ," ಎಂದಳು ಶ್ವೇತ. "ವಾಸ್ನೆನ ತೆಗೀತೀನಿ ನಾನು. ಅಲ್ಲಿಗಂಟ ಬ್ರೋಕರ್ ಹೆಸ್ರು ಈ ಮನೇಲಿ ಎತ್ಬ್ಯಾಡಿ."

"ತೆಗಿಯಕ್ಕಾಗ್ದಿದ್ರೆ?"

"ತೆಗೀತೀನಿ ಅಂದ್ನಲ್ಲ."

ಮೇಡಂ ಮುನಿದದ್ದು ವಾಸನೆಗಲ್ಲ ಎಂಬುದು ಮರಿಸ್ವಾಮಿಗೆ ಗೊತ್ತಿತ್ತು. ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಆ ಒಂದು ಮಾತಿಗಿಂತ ಕಾರನ್ನು ಬೆನ್ನ ಮೇಲೆ ಹೊತ್ತು ಮೇಲುಕೋಟೆ ಬೆಟ್ಟ ಹತ್ತುವುದು ಸುಲಭ ಎನ್ನಿಸಿತು. ಹಾಗಾಗಿ ಅವನು ಬೆಳಗಾಗುವುದಕ್ಕೆ ಮುಂಚೆಯೇ ಎದ್ದು ಕಾರಿನ ಬೆನ್ನು ಬಿದ್ದ.

ಮೊದಲು ಕಾರಿನೊಳಗೆ ಸಾಂಬ್ರಾಣಿ ಹೊಗೆ ಹಾಕಿದ. ಹೊಗೆಯೂ ಹಾಲಿನ ನಾತವೂ ಕೂಡಿ ಹುಟ್ಟಿದ ಮೂರನೆಯ ವಾಸನೆಗೆ ಕೊಟ್ಟಿಗೆಯಲ್ಲಿದ್ದ ಹಸುವೇ ಮುಖ ತಿರುಗಿಸಿತು. ಆಮೇಲೆ ಒಂದು ಬುಟ್ಟಿ ನಿಂಬೆಹಣ್ಣು ಕೊಯ್ದು ಸೀಟಿನ ತುಂಬ ಉಜ್ಜಿದ. ಆಮೇಲೆ ಬೈರಮ್ಮ ಡಬ್ಬಿಯಲ್ಲಿಟ್ಟಿದ್ದ ಕಾಫಿಪುಡಿಯನ್ನೆಲ್ಲ ಸುರಿದ. ಮಲ್ಲಿಗೆ ಸೆಂಟಿನ ಬಾಟಲಿ ಖಾಲಿ ಮಾಡಿದ ದಿನವಂತೂ ಜೇನುನೊಣಗಳು ದಾರಿ ತಪ್ಪಿ ಬಂದು, ಒಳಗೆ ಇಣುಕಿ, ತಲೆ ತಿರುಗಿ ಬಿದ್ದವು. ಮನೆಯಲ್ಲಿ ಯಾರಿಗೂ ಮೊಸರು ಸೇರದಾಯಿತು. ಬೈರಮ್ಮ ಮಜ್ಜಿಗೆ ಕಡೆದು ಅಕ್ಕಪಕ್ಕದ ಮನೆಗೆ ಹಂಚಿದಳು.

"ಕಾಫಿ ಎಲ್ಲಿ?" ಎಂದ ನಿಂಗರಾಜು, ಪಾಳಿ ಮುಗಿಸಿ ಬಂದವನು.

"ಕಾರ್ ಕುಡೀತು," ಎಂದಳು ಬೈರಮ್ಮ. "ನಿಮ್ಮಪ್ಪನ್ನ ಕೇಳು. ನಾಳೀಕೆ ಅದ್ಕೆ ಮುದ್ದೆ ಉಪ್ಪೆಸರೂ ಇಕ್ಕುತಾನೆ."

"ಏನಪ್ಪಾ ನೀನು? ಸುಮ್ನೆ ಇರಕ್ಕಾಗಕ್ಕಿಲ್ವಾ?"

"ನಾನ್ ಸುಮ್ಕಿದ್ರೆ ಈ ಮನೆ ನಡ್ದದೇನ್ಲಾ?"

ಶ್ವೇತ ಇದನ್ನೆಲ್ಲ ಕೇಳುತ್ತಾ ಹಿತ್ತಲ ಕಲ್ಲಿನ ಹತ್ತಿರ ಪಾತ್ರೆ ಬೆಳಗುತ್ತಿದ್ದಳು. ಪಕ್ಕದಲ್ಲೇ ಬೈರಮ್ಮ ಹಾಲು ಸೋಸುವ ಬಟ್ಟೆಯನ್ನು ತೊಟ್ಟಿಯ ನೀರಿಗೆ ಅದ್ದಿ ಅದ್ದಿ ತೆಗೆಯುತ್ತಿದ್ದಳು. ಶ್ವೇತಳ ಕೈ ನಿಂತಿತು.

"ಅತ್ತೆ, ಕ್ಯಾನಿಗೆ ಬಿಸಿನೀರು ಆಕ್ತೀರಿ. ಈ ಬಟ್ಟೆಗ್ಯಾಕೆ ತಣ್ಣೀರು?"

"ಬಟ್ಟೆಗೆ ಬಿಸಿನೀರಾಕುದ್ರೆ ಆಲು ಬೆಂದು ನೂಲಿಗೆ ಕಚ್ಕತದೆ ಕಣವ್ವ. ಆಮ್ಯಾಲೆ ಏನ್ ಕುಕ್ಕುದ್ರೂ ನಾತ ಓಗಕ್ಕಿಲ್ಲ. ಮೊದ್ಲು ತಣ್ಣೀರಲ್ಲಿ ಆಲೆಲ್ಲ ಬುಡ್ಬೇಕು, ಆಮ್ಯಾಲೆ ಸೋಪು..." ಎನ್ನುತ್ತಿದ್ದವಳು ಬಟ್ಟೆಯನ್ನು ತೊಟ್ಟಿಯಲ್ಲೇ ಬಿಟ್ಟಳು. ಅತ್ತೆ ಸೊಸೆ ಇಬ್ಬರೂ ಕಾರಿನ ಕಡೆ ನೋಡಿದರು.

"ಅಯ್ಯೋ ಶಿವನೆ! ಕಾರು ಅಂದ್ರೆ ಕಬ್ಣ ಅನ್ಕಂಡು ಸುರ್ದೆ ಕಣವ್ವ ನಾನು."

"ಹೊರಗೆ ಕಬ್ಣ ಅತ್ತೆ. ಒಳಗೆಲ್ಲ ಬಟ್ಟೆನೇ."

ಅವತ್ತಿನಿಂದ ಶ್ವೇತ ಕೆಲಸ ಹಿಡಿದಳು. ಪೇಟೆಯ ಗ್ಯಾರೇಜಿನಿಂದ ಪಾನಾಗಳನ್ನು ಎರವಲು ತಂದು, ಸೀರೆ ಎತ್ತಿ ಕಟ್ಟಿ, ಕಾರಿನೊಳಗೆ ಮಂಡಿಯೂರಿದಳು. ತುಕ್ಕು ಹಿಡಿದ ಬೋಲ್ಟೊಂದು ಬಿಡಲೊಲ್ಲದೆ ನಿಂತಿತು.

"ಬುಡವ್ವ, ನನ್ ಕೈಲಿ ಆಯ್ತದೆ," ಎಂದು ಮುಂದೆ ಬಂದ ಮರಿಸ್ವಾಮಿ ಊರು ನಡುಗುವಂತೆ ಒಂದು ಉಸಿರೆಳೆದ. ಪಾನಾ ಜಾರಿ ಅವನ ಹೆಬ್ಬೆರಳ ಮೇಲೆ ಬಿತ್ತು. ಶ್ವೇತ ಬೋಲ್ಟಿಗೆ ಸೀಮೆಎಣ್ಣೆ ಬಿಟ್ಟು, ಕಾಯ್ದು, ಕಾಲಿನಿಂದ ಪಾನಾ ತುಳಿದಳು. ಅದು ಕಿರ್ರೆಂದು ತಿರುಗಿತು.

ಸೀಟು ಹೊರಗೆ ಬಂತು. ಕಾರ್ಪೆಟ್ಟನ್ನು ಕಿತ್ತು ಎಳೆದಾಗ ಅದರ ಅಡಿಯ ದಪ್ಪ ಹಾಸಿನಲ್ಲಿ ಹಾಲು ಗಿಣ್ಣಿನ ಹಾಗೆ ಗಟ್ಟಿಯಾಗಿ ಕೂತಿತ್ತು. ಇಷ್ಟು ದಿನ ಹಾಕಿದ ಹೊಗೆ, ನಿಂಬೆ, ಕಾಫಿ, ಸೆಂಟು ಎಲ್ಲ ಮೇಲಿನಿಂದಲೇ ವಾಪಸು ಬಂದಿದ್ದವು. ನಿಂಗರಾಜು ಬಾಗಿಲಲ್ಲಿ ನಿಂತು ನೋಡಿದ.

"ಇದನ್ನ ಮತ್ತೆ ಜೋಡ್ಸಕ್ಕೆ ಬತ್ತದಾ ನಿಂಗೆ?"

"ಬಿಚ್ಚಕ್ಕೆ ಬಂತಲ್ಲ, ಜೋಡ್ಸಕ್ಕೂ ಬತ್ತದೆ. ಸುಮ್ನೆ ನಿಂತ್ಕಬ್ಯಾಡಿ, ಆ ಕೊನೆ ಹಿಡ್ಕಳಿ."

ಕಾರ್ಪೆಟ್ಟನ್ನೂ ಅಡಿಹಾಸನ್ನೂ ತೊಟ್ಟಿಯ ತಣ್ಣೀರಿನಲ್ಲಿ ನೆನೆಹಾಕಿದಳು. ನೀರು ಬೆಳ್ಳಗಾಯಿತು. ಚೆಲ್ಲಿ ಮತ್ತೆ ತುಂಬಿದಳು. ನೀರು ತಿಳಿಯಾಗುವ ಹೊತ್ತಿಗೆ ಹೇಮಾವತಿ ನಾಲೆಯೇ ಒಂದು ಗೇಣು ಇಳಿದಿತ್ತು. ಆಮೇಲೆ ಬಟ್ಟೆ ಪುಡಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಕದಡಿ ಸುರಿದು, ಒಂದು ಇರುಳು ಹಾಗೇ ಬಿಟ್ಟು, ಮೆತ್ತನೆ ಬ್ರಷ್ಷಿನಿಂದ ತಟ್ಟಿದಳು.

"ಉಜ್ಜಕ್ಕಿಲ್ವಾ?" ಎಂದ ಮರಿಸ್ವಾಮಿ.

"ಉಜ್ಜುದ್ರೆ ಜಿಡ್ಡು ಒಳಕ್ಕೋಯ್ತದೆ ಮಾವ. ತಟ್ಬೇಕು, ಒತ್ಬೇಕು, ಹೀರ್ಕಬೇಕು."

ಸೀಟನ್ನು ತೊಟ್ಟಿಯಲ್ಲಿ ಮುಳುಗಿಸುವಂತಿರಲಿಲ್ಲ, ಒಳಗಿನ ಸ್ಪಂಜು ಒಣಗುವುದೇ ಇಲ್ಲ. ಅದಕ್ಕೆ ಸ್ವಲ್ಪ ಸ್ವಲ್ಪವೇ ನೀರು ಚಿಮುಕಿಸಿ, ಮೇಲೆ ಒಣಬಟ್ಟೆ ಹಾಸಿ, ಒತ್ತಿ ನೀರು ತೆಗೆಯಬೇಕಾಗಿತ್ತು. ಒತ್ತಲು ಭಾರ ಬೇಕು. ಶ್ವೇತ ಮಾವನನ್ನು ಮೇಲಿಂದ ಕೆಳಗೆ ನೋಡಿದಳು.

"ನೀವ್ ಕುಂತ್ಕಳಿ ಮಾವ."

ಮರಿಸ್ವಾಮಿ ಅಂಗಳದ ನಡುವೆ ಕಾರಿನ ಸೀಟಿನ ಮೇಲೆ ಕೂತ. ಅವನದೇ ಬಿಳಿ ಪಂಚೆಯನ್ನು ಸೊಸೆ ಸೀಟಿಗೆ ಹಾಸಿದ್ದಳು. ಪಂಚೆ ಒದ್ದೆಯಾದಾಗ ಎಬ್ಬಿಸುತ್ತಿದ್ದಳು, ಹಿಂಡಿ ಮತ್ತೆ ಹಾಸಿ ಕೂರಿಸುತ್ತಿದ್ದಳು. ಬೈರಮ್ಮ ಅಲ್ಲಿಗೇ ತಟ್ಟೆ ತಂದುಕೊಡುತ್ತಿದ್ದಳು. "ಮಾರಾಜರು ಇಲ್ಲೇ ಉಣ್ತೀರೋ, ಒಳಗೆ ಬತ್ತೀರೋ?" ಎನ್ನುತ್ತಿದ್ದಳು.

ಹಾಸುಗಳು ಹುಲ್ಲಿನ ಮೆದೆಯ ಮೇಲೆ ಒಣಗಿದವು. ಮೋಡ ಬಂದರೆ ಶ್ವೇತ ಓಡಿ ಒಳಗೆ ಹಾಕುತ್ತಿದ್ದಳು, ಬಿಸಿಲು ಬಂದರೆ ಹೊರಗೆ ತರುತ್ತಿದ್ದಳು. ಅಡುಗೆ ಸೋಡಾ ಉದುರಿಸಿ, ಕೊಡವಿ, ಮೂಗಿಟ್ಟು ನೋಡಿ, ತೃಪ್ತಿಯಾಗದೆ ಮತ್ತೊಮ್ಮೆ ತಣ್ಣೀರಿಗೆ ಹಾಕಿದಳು. "ಸಾಕು ಬುಡೆ, ಬ್ರೋಕರ್ ನಾಡಿದ್ದು ಬತ್ತೀನಿ ಅಂದವ್ನೆ," ಎಂದು ನಿಂಗರಾಜು ಹೇಳಿದ. ಅವಳು "ಬರ್ಲಿ, ಕಾಫಿ ಕುಡ್ದು ಹೋಗ್ಲಿ," ಎಂದು ಹಿಂಡುವುದನ್ನು ಮುಂದುವರಿಸಿದಳು.

ಇತ್ತ ಡೇರಿಯಲ್ಲಿ ಮರಿಸ್ವಾಮಿ ಕಾರನ್ನು ಒಂದೇ ಕೈಯಲ್ಲಿ ಎತ್ತಿ, ಕೆರೆಯಲ್ಲಿ ಅದ್ದಿ, ಕೊಡವಿ, ಮೆದೆಯ ಮೇಲೆ ಒಣಗಿಹಾಕಿದ್ದ.

ಕಡೆಗೊಂದು ಭಾನುವಾರ ಮಧ್ಯಾಹ್ನ ಕಾರ್ಪೆಟ್ಟು, ಸೀಟು ತಮ್ಮ ಜಾಗಕ್ಕೆ ಕೂತವು. ನಿಂಗರಾಜು ಒಳಗೆ ತಲೆ ಹಾಕಿ ಉಸಿರೆಳೆದ. ಫೋನು ತೆಗೆದು, ಈಗ ಬರುವುದು ಬೇಡ, ಮುಂದಿನ ವಾರ ನೋಡೋಣ ಎಂದು ಬ್ರೋಕರಿಗೆ ಹೇಳಿದ.

ಶ್ವೇತ ಪೇಟೆಗೆ ಹೊರಟಳು. ಬೈರಮ್ಮ ತುಪ್ಪದ ಬಾಟಲಿ ಹಿಡಿದು ಹತ್ತಿದಳು. "ಚೆಲ್ಲಿದೋನು ನೀನು, ನೀನೂ ಬಾ," ಎಂದು ಗಂಡನನ್ನೂ ಎಳೆದು ಕೂರಿಸಿದಳು.

ಯಶೋದಮ್ಮ ಮೇಡಂ ಗೇಟಿನ ಹೊರಗೆ ಬಂದು, ಕಾರಿನ ಬಾಗಿಲು ತೆರೆದು, ಬಗ್ಗಿ ಕಾರ್ಪೆಟ್ಟಿಗೆ ಮೂಗು ತಂದರು. ಸೀಟನ್ನು ಅಂಗೈಯಿಂದ ಒತ್ತಿ, ಅಂಗೈ ಮೂಸಿದರು.

"ಚೆನ್ನಾಗಿ ತೊಳ್ದಿದ್ದೀಯ. ಏನೂ ವಾಸನೆ ಇಲ್ಲ."

"ಹಂಗಾದ್ರೆ ನಾಳೆ ಬರ್ಲಾ ಮೇಡಂ?"

"ಬೇಡ. ವಾಸನೆಗೆ ನಾನು ಬಿಟ್ಟಿದ್ದಲ್ಲ ಶ್ವೇತ. ಬೇಕಾಗಿದ್ರೆ ಇನ್ನೂ ಒಂದು ವಾರ ಮೂಗು ಮುಚ್ಕೊಂಡು ಬರ್ತಿದ್ದೆ. ನನ್ನ ಹೆಸರು ಹೇಳಿದ್ಯಲ್ಲ, ಅದಕ್ಕೆ ಬಿಟ್ಟೆ."

"ನಾನು ಹೇಳಿಲ್ಲ ಮೇಡಂ."

"ಮತ್ತೆ ಇನ್ಯಾರು?"

ಶ್ವೇತಳ ಕೈ ಬಾಗಿಲಿನ ಹಿಡಿಯ ಮೇಲೆ ಹಾಗೇ ನಿಂತಿತು. ಅವಳ ಬೆರಳುಗಳು ಸೋಪಿನಲ್ಲಿ ನೆನೆದು ನೆನೆದು ಸುಕ್ಕಾಗಿದ್ದವು. ಮರಿಸ್ವಾಮಿ ಅದನ್ನು ನೋಡಿದ. ನೋಡಿದವನೇ ಬಾಯಿ ಬಿಟ್ಟ.

"ಯಾವನೋ ಹೊರಗ್ಲೋನು ಮೇಡಂ. ಡೇರಿ ತಾವ ನಿಂತ್ಕಂಡು ಅಂಗಂದ. ನಾನ್ ಬುಟ್ಟೆನಾ? ಕಪಾಳಕ್ಕೊಂದು ಬಿಗ್ದೆ ನೋಡಿ, ಹಲ್ಲೆಲ್ಲ ಉದುರ್ಕಂಡೋದೋ. ಬೇಕಾದ್ರೆ ಜವರಯ್ಯನ್ನ ಕೇಳಿ, ಅವ್ನೇ ಗುಡ್ಸಿದ್ದು."

"ಡೇರಿ ಸೆಕ್ರೆಟರಿ ಜವರಯ್ಯನಾ? ನನ್ನ ಹತ್ರ ಏಳನೇ ಕ್ಲಾಸು ಓದಿದವನು," ಎಂದ ಮೇಡಂ ಆಗಲೇ ಫೋನು ಒತ್ತಿದ್ದರು. ಎಲ್ಲರಿಗೂ ಕೇಳಲೆಂದು ಸ್ಪೀಕರಿಗೆ ಹಾಕಿದರು.

"ಮೇಡಂ, ನಮಸ್ಕಾರ!" ಎಂದಿತು ಜವರಯ್ಯನ ದನಿ. "ಎಂಗಿದ್ದೀರಾ? ಗ್ಲೂಕೋಸ್ ಆಕುದ್ರಂತೆ?"

"ನಾನು ವಾಂತಿ ಮಾಡ್ಕೊಂಡೆ ಅಂತ ನಿನಗೆ ಯಾರಪ್ಪ ಹೇಳಿದ್ದು?"

"ಮರಿಸ್ವಾಮಣ್ಣನೇ ಮೇಡಂ. ಪಾಪ, ಕಣ್ಣಲ್ಲಿ ನೀರಾಕ್ಕಂಡು ಏಳ್ದ."

ಬೈರಮ್ಮನ ಕೈಯಿಂದ ತುಪ್ಪದ ಬಾಟಲಿ ಜಾರುವುದರಲ್ಲಿತ್ತು. ಶ್ವೇತ ಮಾವನ ಕಡೆ ತಿರುಗಿದಳು.

"ಇಷ್ಟ್ ದಿನ ನನ್ನ ಕೂಡೆನೇ ಅಂಗಳದಲ್ಲಿ ಕುಂತಿದ್ರಲ್ಲ ಮಾವ. ಒಂದ್ ದಿನಾನೂ ಹೇಳ್ಬೇಕು ಅನ್ನುಸ್ಲಿಲ್ವಾ?"

"ದಿನಾ ಅನ್ನುಸ್ತಿತ್ತು ಕಣವ್ವ," ಎಂದ ಮರಿಸ್ವಾಮಿ.

"ನನ್ನ ಮುಂದೆ ಒಪ್ಕೊಂಡ್ರೆ ಸಾಲದು," ಎಂದರು ಯಶೋದಮ್ಮ. "ಎಲ್ಲಿ ಹೇಳಿದ್ರೋ ಅಲ್ಲೇ ಹೇಳ್ಬೇಕು. ಸಂಜೆ ಹಾಲು ಹಾಕೋ ಹೊತ್ತಾಯ್ತು, ನಡೀರಿ." ಅವರು ಹಿಂದಿನ ಸೀಟಿನಲ್ಲಿ, ಬೈರಮ್ಮನ ಪಕ್ಕ, ಸೆರಗು ಸರಿಮಾಡಿಕೊಂಡು ಕೂತರು.

ಡೇರಿಯ ಮುಂದೆ ಸಾಲು ಬೆಳೆದಿತ್ತು. ಶ್ವೇತ ಕಾರನ್ನು ಜಗಲಿಗೆ ತಾಗುವಷ್ಟು ಹತ್ತಿರ ನಿಲ್ಲಿಸಿ, ಗಾಜುಗಳನ್ನು ಇಳಿಸಿದಳು. ಮರಿಸ್ವಾಮಿ ಇಳಿದ.

"ಲೇ, ಕೇಳ್ರುಲಾ. ಯಶೋದಮ್ಮ ಮೇಡಮ್ಮು ವಾಂತಿ ಮಾಡ್ಕಂಡಿಲ್ಲ. ಅದು ಆಲಿನ ವಾಸ್ನೆ. ಚೆಲ್ಲಿದ್ದು ನಾನು."

ಸಾಲಿನ ಕೊನೆಯಿಂದ ನಗು ಶುರುವಾಗಿ ಮುಂದಕ್ಕೆ ಬಂತು.

"ಇವತ್ತಿಂದು ಚೆನ್ನಾಗೈತೆ ಕಣಣ್ಣ," ಎಂದ ಸಾಲಿನಲ್ಲಿ ನಿಂತಿದ್ದ ತಮ್ಮಯ್ಯ, ಕ್ಯಾನು ಕೆಳಗಿಟ್ಟು. "ಮೇಡಮ್ಮು ಕಾರಲ್ಲಿ ಕುಂತವ್ರೆ, ಅದ್ಕೆ ಇಂಗಂತಿದ್ದೀಯ ಅಲ್ವಾ? ಬುಡು, ನಮ್ಗರ್ಥ ಆಯ್ತದೆ. ವಯಸ್ಸಾದೋರ್ಗೆ ಬತ್ತದೆ ವಾಂತಿ."

ಕಾರಿನೊಳಗೆ ಯಶೋದಮ್ಮನವರ ಮುಖ ಕೆಂಪಾಯಿತು. ಮರಿಸ್ವಾಮಿ ಸೊಸೆಯ ಕಡೆ ನೋಡಿದ. ಅವಳು ಸ್ಟೇರಿಂಗು ಹಿಡಿದು ನೇರ ಮುಂದೆ ನೋಡುತ್ತಿದ್ದಳು.

"ನಿಜ ಕಣ್ಲಾ ತಮ್ಮಯ್ಯ! ನನ್ ಕೈಲಾಗ್ದೆ ಚೆಲ್ದೆ. ಅದನ್ನೇಳಕ್ಕೆ ನಾಚ್ಕೆ ಆಗಿ ಮೇಡಮ್ಮೋರ್ ಮ್ಯಾಲೆ ಆಕ್ಬುಟ್ಟೆ."

"ಕಾರನ್ನ ಒಂದ್ ಕೈಲಿ ಎತ್ತಿ ಕೆರೇಲಿ ಅದ್ದಿದೋನಿಗೆ ಒಂದ್ ಕ್ಯಾನು ಹಿಡಿಯಕ್ಕೆ ಕೈಲಾಗ್ಲಿಲ್ವಾ?"

"ಅದೂ ಸುಳ್ಳು. ನಾನ್ ಯಾವ್ ಕಾರೂ ಎತ್ನಿಲ್ಲ, ಏನೂ ತೊಳೀಲಿಲ್ಲ. ಸೀಟ್ ಬಿಚ್ಚಿದ್ದು ಅವ್ಳು, ನೆನೆಯಾಕಿದ್ದು ಅವ್ಳು, ಹಿಂಡಿದ್ದು ಅವ್ಳು. ನಾನ್ ಅದ್ರ ಮ್ಯಾಲೆ ಕುಂತಿದ್ದೆ."

ಈ ಸಲ ಯಾರೂ ನಗಲಿಲ್ಲ. ಇದನ್ನು ಸಾಲಿನಲ್ಲಿದ್ದವರೆಲ್ಲ ಕೇಳಿದ ಕೂಡಲೇ ನಂಬಿದರು. ನಂಬಿದ ಮೇಲೆ ಹಿಂದಿನ ಮಾತಿಗೂ ಒಬ್ಬೊಬ್ಬರಾಗಿ ತಲೆ ಆಡಿಸತೊಡಗಿದರು. ಜವರಯ್ಯ ಲೀಟರು ಪಾತ್ರೆಯನ್ನು ಕೆಳಗಿಟ್ಟು, ಕೈ ಒರೆಸಿಕೊಂಡು, ಕಾರಿನ ಕಿಟಕಿಗೆ ಬಗ್ಗಿ "ತಪ್ಪಾಯ್ತು ಮೇಡಂ" ಎಂದ. ಯಶೋದಮ್ಮ ಅವನಿಗೆ ಉತ್ತರ ಕೊಡದೆ ಮುಂದಿನ ಸೀಟಿನ ಕಡೆ ಬಾಗಿ, "ನಾಳೆ ಎಂಟಕ್ಕೆ ಬಂದ್ಬಿಡು ಶ್ವೇತ. ಉಳಿದವರಿಗೆ ನಾನು ಹೇಳ್ತೀನಿ," ಎಂದರು.

ತಮ್ಮಯ್ಯ ಇನ್ನೂ ಮರಿಸ್ವಾಮಿಯನ್ನೇ ನೋಡುತ್ತಿದ್ದ.

"ಅಲ್ಲ ಕಣಣ್ಣ, ಅಂಗಾರೆ ಇಷ್ಟ್ ದಿನ ನೀನ್ ಏಳಿದ್ರಲ್ಲಿ ನಿಜ ಯಾವ್ದು?"

ಮರಿಸ್ವಾಮಿ ಬಹಳ ಹೊತ್ತು ಹುಡುಕಿದ.

"ಕುಂತಿದ್ದೊಂದು ನಿಜ ಕಣ್ಲಾ," ಎಂದ.